ಬೊಳ್ಳಮ್ಮನಿಗೆ ಎರಡು ಗುಂಡು

ಕೊವೆಂಟ್ರಿಯಲ್ಲಿ ನನ್ನ ಮನೆಯಿಂದ ಎರಡು ಬಾಗಿಲು ಆಚೆ, ಉತ್ತಯ್ಯನ ಮನೆಯ ಮುಂದಿನ ಕೋಣೆಯ ಗೋಡೆಯ ಮೇಲೆ ಒಂದು ಹಳೆಯ ಕೋವಿ ಇದೆ. ಅದು ಗೋಡೆಯ ಮೇಲೆ ಇರಬಹುದು. ಉತ್ತಯ್ಯ ಅದಕ್ಕೆ ಎಣ್ಣೆ ಒರೆಸಬಹುದು, ಬಂದವರಿಗೆ ತೋರಿಸಬಹುದು. ಅದರಿಂದ ಗುಂಡು ಹೊಡೆಯಬೇಕೆಂದು ಆಸೆ ಪಡುವಂತಿಲ್ಲ. ಆಸೆ ಪಟ್ಟ ಗಳಿಗೆಯಿಂದ ಅದು ಅಲಂಕಾರದ ವಸ್ತುವಲ್ಲ, ಲೈಸೆನ್ಸಿಲ್ಲದ ಬಂದೂಕು. ಇಂಗ್ಲಿಷರ ಈ ದೇಶದ ಕಾನೂನು ಹಾಗಿದೆ. ಕಬ್ಬಿಣ ಅದೇ, ಮರ ಅದೇ. ಮನುಷ್ಯನ ಮನಸ್ಸಿನೊಳಗೆ ಏನಿದೆ ಅನ್ನುವುದರ ಮೇಲೆ ಅಪರಾಧ. ನಾನು ಪುಟ್ಟಲಕ್ಷ್ಮಿ, ಮಂಡ್ಯದ ಕಡೆಯವಳು, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿ ನಿವೃತ್ತಳಾದವಳು. ರಕ್ತದಲ್ಲಿ ಸಕ್ಕರೆ ಎಷ್ಟಿದೆ ಅಂತ ನೋಡಲು ಬರುತ್ತದೆ. ಆಸೆ ಎಷ್ಟಿದೆ ಅಂತ ನೋಡುವ ಯಂತ್ರ ನನ್ನ ಕಾಲದಲ್ಲಂತೂ ಬಂದಿರಲಿಲ್ಲ.

ಉತ್ತಯ್ಯ ಕೊಡವ, ವಿರಾಜಪೇಟೆ ಕಡೆಯವನು. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಟೂಲ್‌ರೂಮ್ ಕೆಲಸ ಕಲಿತು, ಕಾರಿನ ಬಿಡಿಭಾಗ ಮಾಡುವ ಕಂಪನಿಗೆ ಅಂತ ಇಲ್ಲಿಗೆ ಬಂದವನು ಇಲ್ಲೇ ಉಳಿದ. ಮಾತು ಕಮ್ಮಿ. ಆಡಿದರೆ ನೆಟ್ಟಗೆ ಆಡುತ್ತಾನೆ, ಸುತ್ತುಬಳಸು ಗೊತ್ತಿಲ್ಲ. 'ಸಾರು ಹೇಗಿದೆ ಉತ್ತಯ್ಯ' ಅಂದರೆ 'ಉಪ್ಪು ಜಾಸ್ತಿ ಅಕ್ಕ' ಅನ್ನುವ ಜಾತಿಯ ಮನುಷ್ಯ. ಅವನ ಹೆಂಡತಿ ಬೊಳ್ಳಮ್ಮ ಅವನ ಪಾಲಿನ ಮಾತನ್ನೂ ಸೇರಿಸಿ ಆಡುತ್ತಿದ್ದಳು. ಪ್ರೈಮರಿ ಸ್ಕೂಲಿನಲ್ಲಿ ಮಕ್ಕಳಿಗೆ ಊಟ ಬಡಿಸುವ ಕೆಲಸ. ಅವಳು ಬಸ್ ಸ್ಟಾಪಿನಲ್ಲಿ ನಕ್ಕರೆ ನನ್ನ ಅಡುಗೆಮನೆಗೆ ಕೇಳುತ್ತಿತ್ತು. ಗಂಡ ಹೆಂಡಿರಿಬ್ಬರೇ ಇದ್ದಾಗ ಕೊಡವ ತಕ್ಕಿನಲ್ಲಿ ಮಾತು, ನಾನು ಹೋದರೆ ಕನ್ನಡ, ಸಾಲ್ಫರ್ಡಿನಲ್ಲಿ ಟಿವಿ ಕಂಪನಿಯ ಕೆಲಸದಲ್ಲಿರುವ ಮಗಳು ಜಶ್ಮಾ ಫೋನ್ ಮಾಡಿದರೆ ಇಂಗ್ಲಿಷು.

ಆ ಕೋವಿಯನ್ನು ಉತ್ತಯ್ಯ ಬರ್ಮಿಂಗ್‌ಹ್ಯಾಮಿನ ಹಳೇ ಸಾಮಾನಿನ ಸಂತೆಯಲ್ಲಿ ಕೊಂಡು ತಂದಿದ್ದ. ನಳಿಗೆಯ ಬಾಯಿಯಿಂದಲೇ ಮದ್ದು ತುಂಬಿ ಮೇಲೊಂದು ಕೇಪು ಇಟ್ಟು ಹೊಡೆಯುವಂಥದು; ಕೊಡಗಿನಲ್ಲಿ ಅದಕ್ಕೆ ಕೇಪಿನ ಕೋವಿ ಅನ್ನುತ್ತಾರೆ. ತಂದಾಗ ಅದರ ಅವತಾರ ನೋಡಬೇಕಿತ್ತು. ಮರ ಎರಡು ಹೋಳು, ಕೇಪಿಗೆ ಬಡಿಯುವ ಕುದುರೆ ಅಲ್ಲಾಡುತ್ತಿರಲಿಲ್ಲ, ತುಕ್ಕು ಮುಟ್ಟಿದ ಕಡೆಯೆಲ್ಲ ಕೈಗೆ ಹತ್ತುತ್ತಿತ್ತು. 'ಇದನ್ನ ಗುಜರಿಯವರೂ ಮುಟ್ಟಲ್ಲ' ಅಂದೆ. ಅವನು ನಳಿಗೆಯ ಬುಡ ಉಜ್ಜಿ ಒಂದು ಮುದ್ರೆ ತೋರಿಸಿದ. ಮೇಲೆ ಕಿರೀಟ, ಕೆಳಗೆ ಅಡ್ಡಡ್ಡ ಎರಡು ಕೋಲು.

"ಊರಲ್ಲಿ ನಮ್ಮ ಹಿರಿಯರ ಐನ್‌ಮನೆಯ ಕೋವಿಯಲ್ಲೂ ಇದೇ ಉಂಟು ಅಕ್ಕ. ಚಿಕ್ಕಂದಿನಲ್ಲಿ ಬೆರಳಿಟ್ಟು ಸವರುತ್ತಿದ್ದೆ. ದೇವರ ಚಿಹ್ನೆ ಅಂತ ತಿಳಿದಿದ್ದೆ. ಬರ್ಮಿಂಗ್‌ಹ್ಯಾಮಿನದ್ದು ಅಂತ ಇಲ್ಲಿಗೆ ಬಂದ ಮೇಲೆ ಗೊತ್ತಾದದ್ದು."

"ಹಂಗಾದ್ರೆ ನೀವು ನಿಮ್ಮ ಕೋವಿಯ ತವರುಮನೆಗೆ ಬಂದಿದ್ದೀರಿ ಅನ್ನಿ," ಅಂದೆ. ಬೊಳ್ಳಮ್ಮ ನಕ್ಕ ನಗುವಿಗೆ ಎದುರು ಮನೆಯ ನಾಯಿ ಬೊಗಳಿತು.

ಅವರಲ್ಲಿ ಕೋವಿ ಮನೆಯ ಒಬ್ಬ ಸದಸ್ಯನ ಹಾಗೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ಸತ್ತರೆ ಎರಡು ಗುಂಡು. ಎರಡು ಸದ್ದು ಕೇಳಿದರೆ ಸುತ್ತಲಿನವರು ಇದ್ದ ಕೆಲಸ ಇದ್ದಲ್ಲೇ ಬಿಟ್ಟು ಆ ಮನೆಗೆ ಬರಬೇಕು. ಜಗಳವಿದ್ದವರೂ ಬರಬೇಕು. ಕೈಲ್ ಮುಹೂರ್ತದ ದಿನ ಆಯುಧಗಳನ್ನೆಲ್ಲ ಪೂಜೆಗಿಟ್ಟು ಕೋವಿಯ ಬಾಯಿಗೆ ತೋಕ್‌ಪೂ ಅನ್ನುವ ಕೆಂಪು ಹೂ ಸಿಕ್ಕಿಸುತ್ತಾರೆ. ಆ ಹೂ ಕೊವೆಂಟ್ರಿಯಲ್ಲಿ ಎಲ್ಲಿಂದ ಬರಬೇಕು? ಎದುರು ಮನೆಯ ಮರೀನ್ ಅನ್ನುವ ಮುದುಕಿಯ ಅಂಗಳದಲ್ಲಿ ಬೆಂಕಿಯ ಬಣ್ಣದ್ದೊಂದು ಹೂ ಬಿಡುತ್ತದೆ, ಬೊಳ್ಳಮ್ಮ ಮೊದಲ ಸಲ ಅದನ್ನೇ ಕೇಳಿ ತಂದಳು. ಬಂದೂಕಿಗೆ ಹೂವಂತೆ ಅಂತ ಮರೀನ್‌ಗೆ ವಿಪರೀತ ಖುಷಿ. ಆಮೇಲೆ ಪ್ರತಿ ವರ್ಷ ಅವಳೇ ಕಿತ್ತು ತಂದು, ಸಿಕ್ಕಿಸಿ, ಮೊಮ್ಮಕ್ಕಳನ್ನು ಪಕ್ಕ ನಿಲ್ಲಿಸಿ ಫೋಟೋ ತೆಗೆದುಕೊಂಡು, ಬೊಳ್ಳಮ್ಮ ಕೊಟ್ಟ ಕಡುಬು ತಿಂದು ಹೋಗುತ್ತಿದ್ದಳು.

ಉತ್ತಯ್ಯ ಹಿತ್ತಲಿನ ಶೆಡ್ಡಿನಲ್ಲಿ ಆ ಕೋವಿಯನ್ನು ರಿಪೇರಿ ಮಾಡುತ್ತ ಕೂರುವ ಮೊದಲು ಕಾನೂನು ಏನನ್ನುತ್ತದೆ ಅಂತ ನನ್ನ ಹತ್ತಿರ ಓದಿಸಿದ್ದ. ಇಂಗ್ಲಿಷು ಅವನಿಗೆ ಬರುತ್ತದೆ, ಸರ್ಕಾರದ ಇಂಗ್ಲಿಷು ಯಾರಿಗೂ ಬರುವುದಿಲ್ಲ. ಇಬ್ಬರೂ ಕೂತು ಒಂದೊಂದೇ ಸಾಲು ಬಿಡಿಸಿದೆವು. ಇಷ್ಟು ಹಳೆಯ ಕೇಪಿನ ಕೋವಿಯನ್ನು ಕೌತುಕಕ್ಕೋ ಅಲಂಕಾರಕ್ಕೋ ಇಟ್ಟುಕೊಂಡರೆ ಲೈಸೆನ್ಸ್ ಬೇಡ. ಹೊಡೆಯುವುದಾದರೆ ಬೇಕು. ಹಳೆಯ ಮರ ಕೂಡಿಸಬಹುದು, ತುಕ್ಕು ತೆಗೆಯಬಹುದು. ಹೊಸ ನಳಿಗೆ ಹಾಕಿದರೆ ಅದು ಹಳೆಯ ಕೋವಿಯಾಗಿ ಉಳಿಯುವುದೇ ಅನುಮಾನ. ಮದ್ದು ಇಟ್ಟುಕೊಳ್ಳಲು ಬೇರೆಯೇ ಪರವಾನಗಿ. ಉತ್ತಯ್ಯ ನಳಿಗೆಯ ತಂಟೆಗೇ ಹೋಗಲಿಲ್ಲ. ಮರ ಕೂಡಿಸಿದ, ಕುದುರೆ ಸಡಿಲ ಮಾಡಿದ, ಗೋಡೆಗೆ ಹಾಕಿದ. ಇಂಗ್ಲಿಷರ ದೇಶದಲ್ಲಿ ಗೋಡೆಗೆ ನೇತುಹಾಕಿದ ಯಾವುದನ್ನೂ ಯಾರೂ ಅನುಮಾನಿಸುವುದಿಲ್ಲ, ಜಿಂಕೆಯ ತಲೆಯನ್ನು ಕೂಡ.

ವರ್ಷಗಟ್ಟಲೆ ಅದು ಹಾಗೇ ಇತ್ತು. ಆಮೇಲೆ ಬೊಳ್ಳಮ್ಮನ ಹೊಟ್ಟೆನೋವು ಕ್ಯಾನ್ಸರು ಅಂತ ಗೊತ್ತಾಯಿತು.

ಆಸ್ಪತ್ರೆಯವರು ಮಾಡುವಷ್ಟು ಮಾಡಿದರು, ಕೊನೆಗೆ ಇನ್ನು ನೋವಿಗಷ್ಟೇ ಔಷಧಿ ಅಂದರು. ಆ ನಗು ಎಲ್ಲಿ ಹೋಯಿತೋ. ಮಾತು ಕಿವಿ ಹತ್ತಿರ ತಂದರೆ ಮಾತ್ರ ಕೇಳುವಷ್ಟಾಯಿತು. ಒಂದು ಮಧ್ಯಾಹ್ನ ನಾನು ಗಂಜಿ ತೆಗೆದುಕೊಂಡು ವಾರ್ಡಿಗೆ ಹೋದಾಗ ಉತ್ತಯ್ಯನೂ ಇದ್ದ. ಬೊಳ್ಳಮ್ಮ ಅವನ ಕೈ ಹಿಡಿದುಕೊಂಡು, ನನಗೂ ಕೇಳಲಿ ಅಂತ ಕನ್ನಡದಲ್ಲೇ ಹೇಳಿದಳು.

"ನಾನು ಮನೆಯಲ್ಲಿ ಸಾಯಬೇಕು. ಸತ್ತಾಗ ಎರಡು ಗುಂಡು ಹೊಡೀಬೇಕು."

"ಊರಿಗೆ ಫೋನ್ ಮಾಡಿದ್ರೆ ನಿನ್ನ ಮೈದುನ ಅಲ್ಲಿ ಹೊಡೀತಾರಲ್ಲ ಕಣೇ," ಅಂದೆ.

"ಅಲ್ಲಿ ಹೊಡೆದರೆ ಅಲ್ಲಿಯವರು ಬರ್ತಾರೆ ಅಕ್ಕ. ನಾನಿರುವುದು ಇಲ್ಲಿ ತಾನೇ. ಈ ಬೀದಿಯಲ್ಲಿ ಇಷ್ಟು ವರ್ಷ ಗಲಾಟೆ ಮಾಡಿದ್ದೇನೆ, ಕಸದ ಡಬ್ಬಿಯ ಹಾಗೆ ಸದ್ದಿಲ್ಲದೆ ಎತ್ತಿಕೊಂಡು ಹೋಗುವುದು ಬೇಡ. ಇಲ್ಲಿಯವರಿಗೆ ಗೊತ್ತಾಗಲಿ, ಬರಲಿ."

ಉತ್ತಯ್ಯ 'ಆಯಿತು' ಅಂದ. ಅವನ ಬಾಯಿಂದ ಆಯಿತು ಬಂದರೆ ಮುಗಿಯಿತು.

ದಾರಿಯಲ್ಲಿ ನಾನು, ಅಂಗಡಿಯಲ್ಲಿ ದೊಡ್ಡ ಪಟಾಕಿ ಸಿಗುತ್ತವಲ್ಲ, ಎರಡು ತಂದಿಟ್ಟುಕೊಂಡರೆ ಆಯಿತು, ನವೆಂಬರಿನಲ್ಲಿ ಊರೆಲ್ಲ ಹೊಡೆಯುತ್ತದೆ, ಯಾರು ಕೇಳುತ್ತಾರೆ ಅಂದೆ. ಅವನು ಕಾರು ಓಡಿಸುತ್ತಲೇ, "ಹೆಂಡತಿ ಸತ್ತದ್ದಕ್ಕೆ ಪಟಾಕಿಯಾ ಅಕ್ಕ," ಅಂದ.

ಈಗ ಯೋಚಿಸಿ. ಇನ್ನೊಬ್ಬನಾಗಿದ್ದರೆ ಎಲ್ಲಿಂದಲೋ ಒಂದಿಷ್ಟು ಮದ್ದು ಹೊಂಚಿಕೊಂಡು, ಆ ದಿನ ಹಿತ್ತಲಿನಲ್ಲಿ ಢಂ ಢಂ ಅನ್ನಿಸಿ ಕೋವಿಯನ್ನು ಮತ್ತೆ ಗೋಡೆಗೆ ಹಾಕಿಬಿಡುತ್ತಿದ್ದ. ಉತ್ತಯ್ಯ ಕಾನೂನು ಬಿಟ್ಟು ಹೋಗುವವನಲ್ಲ. ಕೇಪಿನ ಕೋವಿ ಹೊಡೆಯುವವರದೇ ಒಂದು ಕ್ಲಬ್ ಸೇರಿದ, ಅಲ್ಲಿ ಕ್ಲಬ್ಬಿನ ಕೋವಿಯಲ್ಲಿ ಕೈ ಪಳಗಿಸಿಕೊಂಡ, ಪೊಲೀಸರಿಗೆ ಲೈಸೆನ್ಸಿಗೆ ಅರ್ಜಿ ಹಾಕಿದ. ಕೊಡಗಿನಲ್ಲಿ ಅವನ ಅಪ್ಪ ಅಜ್ಜ ಯಾರೂ ಲೈಸೆನ್ಸಿನ ಮುಖ ನೋಡಿದವರಲ್ಲ. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಇದೆ, ಬ್ರಿಟಿಷರೇ ಕೊಟ್ಟು ಹೋದದ್ದು. 'ನಮ್ಮ ಹುಟ್ಟಿಗೂ ಸಾವಿಗೂ ಕೋವಿ ಬೇಕು' ಅಂತ ಅಲ್ಲಿ ಸರ್ಕಾರದ ಮುಂದೆ ಎದೆ ಎತ್ತಿ ಹೇಳುವ ಮಾತು. ಅಲ್ಲಿ ಅದೇ ಮಾತು ಅವರ ರಕ್ಷೆ. ಇಲ್ಲಿಯೂ ಹಾಗೇ ಅಂತ ಅವನು ತಿಳಿದ. ಅದು ಅವನು ಮಾಡಿದ ತಪ್ಪು, ಅದನ್ನು ಒಬ್ಬ ಕೊಡವ ಮಾತ್ರ ಮಾಡಲು ಸಾಧ್ಯ.

ಲೈಸೆನ್ಸಿನ ವಿಚಾರಣೆಗೆ ಅಧಿಕಾರಿ ಮನೆಗೆ ಬಂದ. ಸಭ್ಯ ಮನುಷ್ಯ, ಶೂ ಬಾಗಿಲಲ್ಲೇ ಬಿಟ್ಟ. ಉತ್ತಯ್ಯ ಕಾಫಿ ಮಾಡಿಕೊಟ್ಟ. ಬಂದೂಕು ಇಡುವ ಬೀರು ಎಲ್ಲಿರುತ್ತದೆ, ಬೀಗ ಹೇಗೆ, ಆರೋಗ್ಯ ಹೇಗೆ ಅಂತೆಲ್ಲ ಕೇಳಿ, ಬಂದೂಕು ಬೇಕಾಗಿರುವ ಕಾರಣವೇನು ಅಂತ ಕೇಳಿದ. ಕ್ಲಬ್ಬಿನಲ್ಲಿ ಗುರಿ ಅಭ್ಯಾಸಕ್ಕೆ ಅಂದಿದ್ದರೆ ಮುಗಿಯುತ್ತಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಉತ್ತಯ್ಯ ಹೇಳಿದ್ದು ಇದು:

"ನನ್ನ ಹೆಂಡತಿಯ ಸಾವಿಗೆ ಬೇಕು. ಎರಡು ಗುಂಡು."

ಅಧಿಕಾರಿಯ ಪೆನ್ನು ನಿಂತಿತಂತೆ. ಹೆಂಡತಿ ಎಲ್ಲಿದ್ದಾರೆ ಅಂತ ಕೇಳಿದ. ಆಸ್ಪತ್ರೆಯಲ್ಲಿ, ಮನೆಗೆ ಕರೆತರುತ್ತೇನೆ ಅಂದ. ಬಂದೂಕು ಈಗಾಗಲೇ ಇದೆಯೇ ಅಂತ ಕೇಳಿದ. ಇದೆ, ಅಗೋ ಗೋಡೆಯ ಮೇಲೆ, ನಾನೇ ರಿಪೇರಿ ಮಾಡಿದೆ, ಈಗ ಕೆಲಸ ಮಾಡುತ್ತದೆ ಅಂದ. ಸಾವಿನ ಸಂಪ್ರದಾಯ, ಗೌರವ, ಗಾಳಿಯಲ್ಲಿ ಹೊಡೆಯುವುದು ಅಂತೆಲ್ಲ ಆಮೇಲೆ ವಿವರಿಸಿದನಂತೆ. ಆಮೇಲೆ. ಮೊದಲು ಹೇಳಬೇಕಾದ್ದನ್ನು ಆಮೇಲೆ ಹೇಳಿದರೆ ಯಾರ ಕಿವಿಗೆ ಹೋಗುತ್ತದೆ? ಸಾಲದ್ದಕ್ಕೆ ಅವನನ್ನು ನೋಡುವ ಜಿಪಿ ಡಾಕ್ಟರು ಕಳುಹಿಸಿದ ವರದಿಯಲ್ಲಿ, ಹೆಂಡತಿಯ ಕಾಯಿಲೆಯ ಚಿಂತೆಗೆ ಉತ್ತಯ್ಯ ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತಿರುವುದೂ ಇತ್ತು. ಖಿನ್ನತೆಯ ಮುದುಕ, ಸಾಯುವ ಹೆಂಡತಿ, ಗೋಡೆಯ ಮೇಲೆ ರಿಪೇರಿಯಾದ ಬಂದೂಕು. ಆ ಅಧಿಕಾರಿಯ ಜಾಗದಲ್ಲಿ ನಾನಿದ್ದರೂ ಕಾಫಿ ಅರ್ಧಕ್ಕೆ ಬಿಟ್ಟು ಏಳುತ್ತಿದ್ದೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇರುವುದು ಉತ್ತಯ್ಯನ ಮೇಲೆ, ಇವತ್ತಿಗೂ.

ಮರುದಿನ ಬೆಳಿಗ್ಗೆ ಶಾಲೆಗೆ ಮಕ್ಕಳು ಹೊರಡುವ ಹೊತ್ತಿಗೆ ಬೀದಿಯ ಎರಡೂ ತುದಿಗೆ ಪೊಲೀಸ್ ವ್ಯಾನು ನಿಂತವು. ಎದೆಗೆ ಕವಚ ಕಟ್ಟಿಕೊಂಡು, ಬಂದೂಕು ಹಿಡಿದುಕೊಂಡು ಬಂದರು. ಎದುರು ಮನೆಯಲ್ಲಿ ಮರೀನ್ ಮೊಮ್ಮಕ್ಕಳನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದ್ದು ನನಗೆ ಕಂಡಿತು. ಉತ್ತಯ್ಯನನ್ನು ಕರೆದುಕೊಂಡು ಹೋದರು. ಕೋವಿಯನ್ನು ಉದ್ದನೆಯ ಚೀಲದಲ್ಲಿ ಹಾಕಿ ಬೇರೆ ವ್ಯಾನಿನಲ್ಲಿ ಒಯ್ದರು. ಶೆಡ್ಡಿನಲ್ಲಿದ್ದ ಅರ, ಉಳಿ, ಎಣ್ಣೆಡಬ್ಬಿ ಸಮೇತ ಹೋಯಿತು. ಬೀದಿಯವರೆಲ್ಲ ಪರದೆ ಸರಿಸಿ ನೋಡಿದರು.

ಸಂಜೆ ಬಿಟ್ಟರು, ತನಿಖೆ ಮುಗಿದಿಲ್ಲ ಅಂತ ಹೇಳಿ. ಜಶ್ಮಾ ಸಾಲ್ಫರ್ಡಿನಿಂದ ಓಡಿ ಬಂದಳು. "ಡ್ಯಾಡ್, ವೈ ವುಡ್ ಯು ಸೇ ದಟ್?" ಅಂತ ಒಂದೇ ಮಾತನ್ನು ಎಷ್ಟು ಸಲ ಕೇಳಿದಳೋ. ಅವನು ನಿಜ ತಾನೇ ಅಂದ. ಸತ್ಯಕ್ಕೆ ಸಾವಿಲ್ಲ ಅಂತ ಗಾದೆ ಇದೆ. ಸತ್ಯ ಹೇಳಿದವನ ಗತಿ ಏನು ಅಂತ ಆ ಗಾದೆ ಹೇಳುವುದಿಲ್ಲ.

ಪೊಲೀಸರದ್ದು ಒಂದು ಕಡೆಯಾದರೆ ಆಸ್ಪತ್ರೆಯದ್ದು ಇನ್ನೊಂದು. ಬೊಳ್ಳಮ್ಮನನ್ನು ಮನೆಗೆ ಕಳುಹಿಸಲು ಎಲ್ಲ ಸಿದ್ಧವಾಗಿತ್ತು: ಮನೆಗೆ ಬಂದು ನೋಡುವ ನರ್ಸು, ಮೇಲೆ ಕೆಳಗೆ ಆಗುವ ಮಂಚ, ನೋವಿನ ಔಷಧಿಯ ಪಂಪು. ಪೊಲೀಸರಿಂದ ಸುದ್ದಿ ಹೋದದ್ದೇ ಎಲ್ಲ ನಿಂತಿತು. ತನಿಖೆ ಮುಗಿಯುವವರೆಗೆ ರೋಗಿಯನ್ನು ಆ ಮನೆಗೆ ಕಳುಹಿಸುವುದು ಕ್ಷೇಮವಲ್ಲ ಅಂತ ಸೋಶಿಯಲ್ ವರ್ಕರ್ ಮೆಲುದನಿಯಲ್ಲಿ ಹೇಳಿದಳು. ಉತ್ತಯ್ಯ ನೋಡಲು ಹೋದರೆ ಪರದೆ ತೆರೆದಿಡುತ್ತಿದ್ದರು, ಪಕ್ಕದಲ್ಲೇ ಒಬ್ಬ ನರ್ಸು ಏನೋ ಕೆಲಸವಿದ್ದವಳ ಹಾಗೆ ಸುಳಿಯುತ್ತಿದ್ದಳು. ಆ ಮನುಷ್ಯ ಹೆಂಡತಿಗೆ ನೀರು ಕುಡಿಸುವುದನ್ನೂ ಕಾದು ನೋಡುತ್ತಿದ್ದರು. ನನಗೆ ಅದನ್ನು ನೋಡಲಾಗಲಿಲ್ಲ, ಎದ್ದು ಕಾರಿಡಾರಿಗೆ ಬಂದು ಅತ್ತೆ.

ಜಶ್ಮಾ ಒಬ್ಬಳು ವಕೀಲೆಯನ್ನು ಹುಡುಕಿದಳು. ಅದಿತಿ ಅಂತ, ಬರ್ಮಿಂಗ್‌ಹ್ಯಾಮಿನಲ್ಲಿ ಕೆಲಸ, ತಂದೆತಾಯಿ ಹುಬ್ಬಳ್ಳಿಯವರು. ಕನ್ನಡ ತಡವರಿಸಿದರೂ ತಲೆ ತಡವರಿಸುವುದಿಲ್ಲ. ಉತ್ತಯ್ಯನ ಮುಂದಿನ ಕೋಣೆಯಲ್ಲಿ, ಕೋವಿ ಇದ್ದ ಜಾಗದ ಬೋಳು ಗೋಡೆಯ ಕೆಳಗೆ ಕೂತು ಅವಳು ಎಲ್ಲ ಬಿಡಿಸಿ ಹೇಳಿದಳು.

"ಅಂಕಲ್, ಮನೆಯಲ್ಲಿ ಮದ್ದು ಸಿಕ್ಕಿಲ್ಲ. ಆ ಗನ್ ನೀವು ಯಾವತ್ತೂ ಹೊಡೆದಿಲ್ಲ. ನಳಿಗೆ ಮುಟ್ಟಿಲ್ಲ. ಇವೆಲ್ಲ ನಿಮ್ಮ ಪರ. ವಿರುದ್ಧ ಇರೋದು ನೀವು ಆಡಿದ ಒಂದು ಮಾತು. ಹೊಡೀಬೇಕು ಅನ್ನೋ ಉದ್ದೇಶದಿಂದ ಇಟ್ಕೊಂಡಿದ್ರಿ ಅಂತ ಆದ್ರೆ ಲೈಸೆನ್ಸ್ ಇಲ್ಲದ ಗನ್. ಜೈಲು ಕೂಡ ಆಗಬಹುದು. ಮತ್ತೆ ಇಂಟರ್‌ವ್ಯೂಗೆ ಕರೀತಾರೆ. ಆಗ ಹೊಡೆಯೋ ಉದ್ದೇಶ ಇಲ್ಲ ಅಂತ ಹೇಳಬಹುದಾ?"

"ಉದ್ದೇಶ ಉಂಟಲ್ಲ," ಅಂದ ಉತ್ತಯ್ಯ.

"ಲೈಸೆನ್ಸ್ ಸಿಗೋ ದಾರಿ ಮುಚ್ಚಿಹೋಯ್ತು ಅಂಕಲ್. ಈಗಲೂ ಇದೆಯಾ?"

"ಮಾತು ಕೊಟ್ಟಿದ್ದೇನೆ."

ನನಗೆ ತಡೆಯಲಾಗಲಿಲ್ಲ. "ನೋಡಿ ಉತ್ತಯ್ಯ, ನೀವು ಜೈಲಲ್ಲಿ ಕೂತ್ರೆ ಬೊಳ್ಳಮ್ಮ ಆ ಪರದೆ ಹಿಂದೆ ಒಬ್ಬಳೇ ಹೋಗ್ತಾಳೆ. ಗುಂಡೂ ಇಲ್ಲ, ಗಂಡನೂ ಇಲ್ಲ. ಒಂದು ಸುಳ್ಳು ಹೇಳೋಕೆ ನಿಮ್ಮ ಗಂಟೇನು ಹೋಗುತ್ತೆ?" ಅಂದೆ. ಅದಿತಿ, "ಸುಳ್ಳು ಹೇಳಿ ಅಂತ ನಾನು ಹೇಳೋ ಹಾಗಿಲ್ಲ ಆಂಟಿ. ನಿಜ ಬದಲಾಗಿದೆಯಾ ಅಂತಷ್ಟೇ ಕೇಳ್ತಿದ್ದೇನೆ," ಅಂದಳು. ವಕೀಲರ ಮಾತು ಯಾವಾಗಲೂ ಅಡ್ಡಗೋಡೆಯ ಮೇಲಿನ ದೀಪವೇ, ಆದರೆ ಆ ಹುಡುಗಿಯ ಮುಖದಲ್ಲಿ ನಿಜವಾದ ಸಂಕಟವಿತ್ತು.

ಬೊಳ್ಳಮ್ಮನಿಗೆ ಇದ್ಯಾವುದನ್ನೂ ಹೇಳಬಾರದು ಅಂತ ಜಶ್ಮಾ ಕಟ್ಟಪ್ಪಣೆ ಮಾಡಿದ್ದಳು. ಆದರೆ ಪರದೆ ತೆರೆದಿಡುವುದನ್ನು, ನರ್ಸು ಸುಳಿಯುವುದನ್ನು ನೋಡದಿರಲು ಬೊಳ್ಳಮ್ಮನಿಗೆ ಕಣ್ಣು ಹೋಗಿತ್ತೇ? ಮುಂದಿನ ಭೇಟಿಯಲ್ಲಿ ಅವಳೇ ಕೇಳಿದಳು, ಮನೆಗೆ ಯಾಕೆ ಕಳಿಸುತ್ತಿಲ್ಲ ಅಂತ. ಉತ್ತಯ್ಯನಿಗೆ ಅವಳ ಮುಂದೆಯೂ ಸುತ್ತುಬಳಸು ಬರುವುದಿಲ್ಲ. ಎಲ್ಲ ಹೇಳಿಬಿಟ್ಟ. ನಾನು ಕಾಲುಗಳ ಕಡೆ ನಿಂತಿದ್ದೆ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಕೇಳಿ ಮುಗಿದ ಮೇಲೆ ಅವಳ ಹೊಟ್ಟೆ ಅಲುಗಿತು. ನೋವು ಬಂತು ಅಂದುಕೊಂಡೆ, ನಗುತ್ತಿದ್ದಳು.

"ನನ್ನನ್ನು ಕೊಲ್ಲುತ್ತಾರೆ ಅಂತ ತಿಳಿದರಾ ಇವರನ್ನ? ಕೋಳಿ ಕೊಯ್ಯುವಾಗ ಮುಖ ತಿರುಗಿಸುವ ಗಂಡಸು ಅಕ್ಕ ಇವರು."

ನಗು ನಿಂತ ಮೇಲೆ ಗಂಡನ ಕಡೆ ತಿರುಗಿದಳು.

"ಹೊಡೆಯುವುದಿಲ್ಲ ಅಂತ ಹೇಳಿ."

"ಬೊಳ್ಳು, ಸುಳ್ಳು ಹೇಳಲು ನನಗೆ..."

"ಸುಳ್ಳು ಯಾಕೆ? ಹೇಳಿದ ಮೇಲೆ ಹೊಡೆಯಬೇಡಿ. ಆಗ ಅದು ನಿಜವೇ. ನಾನು ಕೇಳಿದ್ದನ್ನು ನಾನು ವಾಪಸು ತಗೊಂಡೆ. ನನಗೆ ಗುಂಡು ಬೇಡ, ಮನೆ ಬೇಕು. ಇಲ್ಲಿ ಈ ಪರದೆ ನೋಡಿಕೊಂಡು ಸಾಯುವುದಿಲ್ಲ ನಾನು."

ಉತ್ತಯ್ಯ ಹಾಸಿಗೆಯ ಅಂಚಿಗೆ ಹಣೆ ಹಚ್ಚಿದ. ಬೆನ್ನು ಅಲುಗುತ್ತಿತ್ತು. ಸುಳಿಯುತ್ತಿದ್ದ ನರ್ಸು ನಿಂತು ನೋಡಿದಳು, ಏನನ್ನಿಸಿತೋ, ತಾನೇ ಬಂದು ಪರದೆ ಎಳೆದು ಹೋದಳು.

ಎರಡನೇ ವಿಚಾರಣೆಯಲ್ಲಿ ಏನಾಯಿತು ಅಂತ ಅದಿತಿ ಆಮೇಲೆ ಹೇಳಿದಳು. ಆ ಬಂದೂಕನ್ನು ಹೊಡೆಯುವ ಉದ್ದೇಶ ಇದೆಯೇ ಅಂತ ಕೇಳಿದರು. ಇಲ್ಲ, ಲೈಸೆನ್ಸ್ ಸಿಕ್ಕರೆ ಹೊಡೆಯಬೇಕು ಅಂತಿದ್ದೆ, ಇನ್ನು ಯಾವತ್ತೂ ಹೊಡೆಯುವುದಿಲ್ಲ, ಮಾತು ಕೊಟ್ಟಿದ್ದೇನೆ ಅಂದ. ಯಾರಿಗೆ ಅಂತ ಕೇಳಿದರು. ಹೆಂಡತಿಗೆ ಅಂದ. ಕ್ಲಬ್ಬಿನವರು ಅವನ ಪರವಾಗಿ ಮಾತಾಡಿದ್ದರು. ಕೊಡಗಿನ ಪದ್ಧತಿಯ ಬಗ್ಗೆ ಅದಿತಿ ಕಾಗದ ಪತ್ರ ಕೊಟ್ಟಿದ್ದಳು. ಕೇಸು ಹಾಕುವುದಿಲ್ಲ ಅಂದರು. ಲೈಸೆನ್ಸ್ ಕೊಡುವುದೂ ಇಲ್ಲ. ಕೋವಿ ಹಿಂದಿರುಗಲು ತಡವಾಗುತ್ತದೆ, ಅದೂ ಅಲಂಕಾರದ ವಸ್ತುವಾಗಿ ಮಾತ್ರ ಅಂತ ಹೇಳಿದರು; ಅದು ಮತ್ತೆ ಗೋಡೆಗೆ ಬಂದದ್ದು ಎಲ್ಲ ಮುಗಿದ ಮೇಲೆ. ಉತ್ತಯ್ಯ ತಲೆಯಾಡಿಸಿದ. ಮನೆಗೆ ಬಂದು ಶೆಡ್ಡಿಗೆ ಬೀಗ ಹಾಕಿದವನು ಆಮೇಲೆ ಅದರ ಹತ್ತಿರ ಹೋಗಿದ್ದನ್ನು ನಾನು ನೋಡಿಲ್ಲ.

ಬೊಳ್ಳಮ್ಮ ಮನೆಗೆ ಬಂದಳು. ಆಂಬುಲೆನ್ಸ್ ನಿಂತಾಗ ಮತ್ತೆ ಬೀದಿಯ ಪರದೆಗಳು ಅಲುಗಾಡಿದವು. ಯಾರೂ ಹೊರಗೆ ಬರಲಿಲ್ಲ. ಮೊದಲಾಗಿದ್ದರೆ ಮರೀನ್ ಓಡಿ ಬರುತ್ತಿದ್ದಳು. ಆ ವ್ಯಾನುಗಳು ಬಂದು ಹೋದಾಗಿನಿಂದ ಅವಳು ಉತ್ತಯ್ಯ ಎದುರಾದರೆ ರಸ್ತೆ ದಾಟುತ್ತಿದ್ದಳು. ಆ ವರ್ಷ ಹೂವೂ ಬರಲಿಲ್ಲ, ಬಂದರೂ ಸಿಕ್ಕಿಸಲು ಕೋವಿ ಇರಲಿಲ್ಲ. ಮಂಚವನ್ನು ಮುಂದಿನ ಕೋಣೆಯಲ್ಲೇ ಹಾಕಿದ್ದರು. ಮಲಗಿದರೆ ಎದುರಿಗೆ ಆ ಬೋಳು ಗೋಡೆ, ಎರಡು ಮೊಳೆ. ಮುಚ್ಚಲು ಒಂದು ಕ್ಯಾಲೆಂಡರ್ ಹಾಕಲೇ ಅಂತ ಜಶ್ಮಾ ಕೇಳಿದಳು. ಬೊಳ್ಳಮ್ಮ ಬೇಡ ಅಂದಳು.

ಹೆಚ್ಚು ದಿನ ಇರಲಿಲ್ಲ. ಒಂದು ಬೆಳಿಗ್ಗೆ, ನಾನು ಇಡ್ಲಿ ತೆಗೆದುಕೊಂಡು ಹೋದಾಗ ಅವಳ ಉಸಿರು ದೂರ ದೂರವಾಗಿತ್ತು. ಉತ್ತಯ್ಯ ಒಂದು ಕೈ, ಜಶ್ಮಾ ಒಂದು ಕೈ ಹಿಡಿದಿದ್ದರು. ಹೊರಗೆ ಕಸದ ಲಾರಿ ಬಂತು, ನಿಂತಿತು, ಡಬ್ಬಿಗಳನ್ನು ಎತ್ತಿ ಸುರಿದುಕೊಂಡು ಹೋಯಿತು. ಅದು ಹೋಗಿ ಬೀದಿ ಸುಮ್ಮನಾದ ಮೇಲೆ ನೋಡಿದರೆ ಬೊಳ್ಳಮ್ಮನೂ ಹೋಗಿದ್ದಳು.

ಜಶ್ಮಾ ಊರಿಗೆ ಫೋನ್ ಮಾಡಿದಳು. ಸ್ವಲ್ಪ ಹೊತ್ತಿಗೆ ಉತ್ತಯ್ಯನ ತಮ್ಮನೇ ತಿರುಗಿ ಮಾಡಿದ. ಎರಡೂ ಹೊಡೆದೆವು, ಅಂಗಳ ತುಂಬ ಜನ ಬಂದಿದ್ದಾರೆ ಅಂದ. ಫೋನಿನಲ್ಲಿ ಆ ಜನರ ಗದ್ದಲವೂ ಕೇಳುತ್ತಿತ್ತು. ಉತ್ತಯ್ಯ ಫೋನ್ ಇಟ್ಟು ಕೋಣೆ ನೋಡಿದ. ಇಲ್ಲಿ ಇದ್ದವರು ನಾವು ಮೂವರು. ಅವನು ಗೋಡೆಯ ಆ ಎರಡು ಮೊಳೆಗಳ ಕಡೆ ನೋಡಿದ. ಆಮೇಲೆ ಶೂ ಹಾಕಿಕೊಂಡ.

"ಎಲ್ಲಿಗೆ?" ಅಂದೆ.

"ಕರೆಯಬೇಕಲ್ಲ ಅಕ್ಕ."

ಹಿಂದೆಯೇ ಹೋದೆ. ಪಕ್ಕದ ಮನೆಯ ಬಾಗಿಲಿನ ಮುಂದೆ ನಿಂತು ಮುಷ್ಟಿಯಲ್ಲಿ ಎರಡು ಸಲ ಬಡಿದ. ಬೆಲ್ ಇತ್ತು, ಒತ್ತಲಿಲ್ಲ. ಮೇಲಿನ ಕಿಟಕಿಯ ಪರದೆ ಸರಿದು ಮತ್ತೆ ಮುಚ್ಚಿತು, ಬಾಗಿಲು ತೆರೆಯಲಿಲ್ಲ. ಅದರಾಚೆಯ ಮನೆಯಲ್ಲಿ ಬಾಡಿಗೆಗಿರುವ ವಿದ್ಯಾರ್ಥಿಯೊಬ್ಬ ತೆರೆದ. ಉತ್ತಯ್ಯ ಹೆಂಡತಿ ಹೋದಳು ಅಂದಾಗ ಸಾರಿ ಸಾರಿ ಅಂತ ಏನು ಮಾಡಬೇಕೋ ತಿಳಿಯದೆ ಹಾಗೇ ನಿಂತ. ಇನ್ನೊಂದು ಮನೆಯಲ್ಲಿ ಯಾರೂ ಇರಲಿಲ್ಲ. ನನಗೆ ನಾಚಿಕೆಯಾಗತೊಡಗಿತು, ಸಿಟ್ಟೂ ಬಂತು. ಬೀದಿಯವರ ಮುಂದೆ ಈ ಮನುಷ್ಯ ಭಿಕ್ಷೆ ಬೇಡಿದ ಹಾಗೆ ಬಾಗಿಲು ಬಾಗಿಲು ತಿರುಗಬೇಕೇ ಅಂತ. "ಸಾಕು ಬನ್ನಿ ಉತ್ತಯ್ಯ," ಅಂದೆ. ಅವನು ರಸ್ತೆ ದಾಟಿ ಮರೀನ್‌ಳ ಬಾಗಿಲಿಗೆ ಹೋಗಿ ಎರಡು ಸಲ ಬಡಿದ.

ಒಳಗೆ ಹಾಕಿದ್ದ ಸರಪಳಿ ಬಿಟ್ಟಷ್ಟೇ ಬಾಗಿಲು ತೆರೆಯಿತು. ಆ ಸಂದಿನಲ್ಲಿ ಅವಳ ಅರ್ಧ ಮುಖ. ಉತ್ತಯ್ಯನನ್ನು ಕಂಡು ಹಿಂದೆ ಸರಿದಳು. ಬೊಳ್ಳಮ್ಮ ತೀರಿಕೊಂಡಳು ಅಂತ ಅವನು ಹೇಳಿದ. ಮರೀನ್ ಬಾಯಿಗೆ ಕೈ ಹಚ್ಚಿದಳು. ಆದರೂ ಸರಪಳಿ ತೆಗೆಯಲಿಲ್ಲ. ಆ ಬಂದೂಕು ಮನೆಯಲ್ಲಿದೆಯೇ ಅಂತ ಮೆಲ್ಲಗೆ ಕೇಳಿದಳು.

"ಇಲ್ಲ," ಅಂದ ಉತ್ತಯ್ಯ. "ಅದು ಇದ್ದಿದ್ದರೆ ನಾನು ನಿಮ್ಮ ಬಾಗಿಲಿಗೆ ಬರಬೇಕಾಗಿರಲಿಲ್ಲ."

ಅವಳಿಗೆ ಅರ್ಥವಾಗಲಿಲ್ಲ ಅಂತ ಅವನಿಗೂ ಗೊತ್ತಾಯಿತು. ಆ ಅಧಿಕಾರಿಯ ಮುಂದೆ ಯಾವುದನ್ನು ಆಮೇಲೆ ಹೇಳಿದ್ದನೋ ಅದನ್ನು ಈಗ ಹೇಳಿದ. ನಮ್ಮಲ್ಲಿ ಮನೆಯಲ್ಲಿ ಸಾವಾದರೆ ಗಾಳಿಯಲ್ಲಿ ಎರಡು ಗುಂಡು ಹೊಡೆಯುತ್ತಾರೆ. ಅದನ್ನು ಕೇಳಿದ ನೆರೆಯವರು ಬರುತ್ತಾರೆ. ಅದಕ್ಕೇ ಅದು, ಬೇರೆ ಯಾವುದಕ್ಕೂ ಅಲ್ಲ. ನೀವೆಲ್ಲ ಬರಬೇಕು ಅಂತ ಅವಳಿಗೆ ಆಸೆ ಇತ್ತು.

ಬಾಗಿಲು ಮುಚ್ಚಿಕೊಂಡಿತು.

ಉತ್ತಯ್ಯ ಮುಚ್ಚಿದ ಬಾಗಿಲಿಗೆ ತಲೆಬಾಗಿಸಿ ತಿರುಗಿದ. ಗೇಟು ದಾಟಿ ಮುಂದಿನ ಮನೆಗೆ ಹೋಗಿ ಮುಷ್ಟಿ ಎತ್ತಿದ. ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ, ಹಿಂದೆ ಸರಪಳಿ ಕಳಚಿದ ಸದ್ದು ಕೇಳಿತು. ಸರಪಳಿ ತೆಗೆಯಬೇಕಾದರೆ ಬಾಗಿಲನ್ನು ಮೊದಲು ಮುಚ್ಚಲೇಬೇಕು. ದುಃಖದಲ್ಲಿ ಅದೂ ನಮಗೆ ಹೊಳೆದಿರಲಿಲ್ಲ. ಮರೀನ್ ಮನೆಯೊಳಗಿನ ಚಪ್ಪಲಿಯಲ್ಲೇ, ಕೋಟಿನ ಒಂದು ತೋಳು ಮಾತ್ರ ಹಾಕಿಕೊಂಡು ರಸ್ತೆಗೆ ಬಂದಿದ್ದಳು. ನಮ್ಮ ಕಡೆ ಬರಲಿಲ್ಲ. ನೆಟ್ಟಗೆ ರಸ್ತೆ ದಾಟಿ, ನಮಗೆ ತೆರೆಯದೆ ಪರದೆ ಮುಚ್ಚಿಕೊಂಡಿದ್ದ ಆ ಮೊದಲ ಮನೆಯ ಬಾಗಿಲಿಗೆ ಹೋಗಿ, ಬೆಲ್ ಒತ್ತದೆ, ಮುಷ್ಟಿಯಿಂದ ಎರಡು ಸಲ ಬಡಿದಳು.